ಮನೆಯಲ್ಲೇ ಕೂತು ವಿದೇಶಿ ಕಂಪನಿಗೆ ಕೆಲಸ: ಆದಾಯ ತೆರಿಗೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿದೇಶಿ ಕಂಪನಿಯ ಮೊದಲ ಸಂಬಳ ಖಾತೆಗೆ ಬಂದಾಗ ಹಲವರಿಗೆ ಆಶ್ಚರ್ಯವಾಗುತ್ತದೆ. ಒಪ್ಪಂದದಲ್ಲಿ ಬರೆದಷ್ಟೂ ಹಣ ಬಂದಿರುತ್ತದೆ, ಎಲ್ಲೂ ಕಡಿತ ಇಲ್ಲ. ಹಾಗಾದರೆ ತೆರಿಗೆ ಇಲ್ಲವೇ? ಇದೆ. ಅದನ್ನು ಕತ್ತರಿಸಿ ಸರ್ಕಾರಕ್ಕೆ ಕಟ್ಟುವವರು ಮಾತ್ರ ಇಲ್ಲ. ಆ ಕೆಲಸ ಈಗ ನಿಮ್ಮದು. ಇಲ್ಲಿರುವ ಉತ್ತರಗಳು ಯಾವುದೇ ದೇಶದಲ್ಲಿ ಕೂತು ಇನ್ನೊಂದು ದೇಶದ ಕಂಪನಿಗೆ ದುಡಿಯುವವರಿಗೆ. ದೇಶಕ್ಕೊಂದು ಕಾನೂನು ಇರುವುದರಿಂದ ಅಲ್ಲಲ್ಲಿ ಉದಾಹರಣೆಗಳನ್ನು ಕೊಟ್ಟಿದ್ದೇನೆ.

ನಾನು ತೆರಿಗೆ ಕಟ್ಟಬೇಕಾದದ್ದು ಯಾವ ದೇಶಕ್ಕೆ? ಕಂಪನಿ ಇರುವ ದೇಶಕ್ಕೋ, ನಾನಿರುವ ದೇಶಕ್ಕೋ?

ಬಹುತೇಕ ಸಂದರ್ಭಗಳಲ್ಲಿ ನೀವಿರುವ ದೇಶಕ್ಕೆ. ಸಂಬಳದ ವಿಷಯದಲ್ಲಿ ಕೆಲಸ ಎಲ್ಲಿ ನಡೆಯಿತು ಎನ್ನುವುದೇ ಮುಖ್ಯ. ಹಣ ಯಾವ ಬ್ಯಾಂಕಿನಿಂದ ಬಂತು, ಯಾವ ಕರೆನ್ಸಿಯಲ್ಲಿ ಬಂತು, ಕಂಪನಿ ಎಲ್ಲಿ ನೋಂದಣಿಯಾಗಿದೆ ಎನ್ನುವುದೆಲ್ಲ ಆಮೇಲಿನ ಮಾತು. ನೀವು ಮೇಜಿನ ಮುಂದೆ ಕೂತ ಜಾಗವೇ ಕೆಲಸ ನಡೆದ ಜಾಗ.

ದೇಶಗಳು ತಮ್ಮ ನಡುವೆ ತೆರಿಗೆ ಒಪ್ಪಂದ ಮಾಡಿಕೊಳ್ಳುವಾಗ, ಹಲವು ದೇಶಗಳು ಸೇರಿ ಮಾಡಿಕೊಂಡಿರುವ ಆರ್ಥಿಕ ಸಹಕಾರ ಸಂಸ್ಥೆ ಒಇಸಿಡಿಯ ಮಾದರಿ ಒಪ್ಪಂದವನ್ನು ಎದುರಿಗೆ ಇಟ್ಟುಕೊಳ್ಳುತ್ತವೆ. ಅದರ 15ನೇ ವಿಧಿ ಸಂಬಳದ ಬಗ್ಗೆ. ನೀವು ಯಾವ ದೇಶದ ನಿವಾಸಿಯೋ ಆ ದೇಶಕ್ಕೇ ನಿಮ್ಮ ಸಂಬಳದ ಮೇಲೆ ತೆರಿಗೆಯ ಹಕ್ಕು. ಇನ್ನೊಂದು ದೇಶಕ್ಕೆ ಹೋಗಿ ಅಲ್ಲಿ ಕೆಲಸ ಮಾಡಿದರೆ ಮಾತ್ರ ಆ ದೇಶ ಪಾಲು ಕೇಳಬಹುದು. ಅಂದರೆ ವರ್ಷಪೂರ್ತಿ ನಿಮ್ಮ ಮನೆಯಲ್ಲೇ ಕೂತು ಕೆಲಸ ಮಾಡಿದ್ದರೆ, ಕಂಪನಿಯ ದೇಶಕ್ಕೆ ಸಾಮಾನ್ಯವಾಗಿ ನಿಮ್ಮ ಸಂಬಳದಲ್ಲಿ ಪಾಲಿಲ್ಲ.

ಇದಕ್ಕೆ ಅಪವಾದಗಳಿವೆ. ಕಂಪನಿಯ ನಿರ್ದೇಶಕ ಮಂಡಳಿಯಲ್ಲಿದ್ದು ಅದಕ್ಕಾಗಿ ಪಡೆಯುವ ಶುಲ್ಕಕ್ಕೆ ಕಂಪನಿಯ ದೇಶವೂ ತೆರಿಗೆ ಹಾಕಬಹುದು. ವಿದೇಶಿ ಸರ್ಕಾರಕ್ಕೇ ನೇರವಾಗಿ ದುಡಿಯುವವರಿಗೆ ಬೇರೆ ವಿಧಿ ಇದೆ. ಇನ್ನು ಅಮೆರಿಕದ ಪ್ರಜೆಗಳದ್ದೇ ಒಂದು ಕಥೆ. ಅವರು ಲೋಕದ ಯಾವ ಮೂಲೆಯಲ್ಲಿದ್ದರೂ ಅಮೆರಿಕಕ್ಕೆ ಲೆಕ್ಕ ಕೊಡಬೇಕು. ಗ್ರೀನ್ ಕಾರ್ಡ್ ಇರುವವರಿಗೂ ಹಾಗೇ. ಪೌರತ್ವ ನೋಡಿ ತೆರಿಗೆ ಹಾಕುವ ಇನ್ನೊಂದು ದೇಶ ಎರಿಟ್ರಿಯಾ.

ನಾನು ಯಾವ ದೇಶದ ನಿವಾಸಿ ಅಂತ ಹೇಗೆ ಗೊತ್ತಾಗುತ್ತದೆ?

ಪಾಸ್‌ಪೋರ್ಟ್ ನೋಡಿ ಅಲ್ಲ, ದಿನ ಎಣಿಸಿ. ತೆರಿಗೆ ಕಾನೂನಿನ ನಿವಾಸಿಗೂ ಪೌರತ್ವಕ್ಕೂ ನೇರ ಸಂಬಂಧ ಇಲ್ಲ. ಹಲವು ದೇಶಗಳಲ್ಲಿ ವರ್ಷಕ್ಕೆ 183 ದಿನ ಇದ್ದರೆ ನಿವಾಸಿ. ಆದರೆ 183ರ ಒಳಗಿದ್ದರೆ ಸುರಕ್ಷಿತ ಎಂದು ಯಾರಾದರೂ ಹೇಳಿದರೆ ಸುಮ್ನೆ ನಂಬಬೇಡಿ. ಭಾರತದಲ್ಲಿ ಸಾಮಾನ್ಯ ಗಡಿ 182 ದಿನ. ಅದರ ಜೊತೆಗೆ ಇನ್ನೊಂದು ಲೆಕ್ಕವೂ ಇದೆ. ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಅಲ್ಲಿದ್ದು, ಈ ವರ್ಷ 60 ದಿನ ಇದ್ದರೂ ನಿವಾಸಿ ಆಗಿಬಿಡಬಹುದು. ಕೆಲವರಿಗೆ ಈ 60ರ ಗಡಿಯಲ್ಲಿ ಸಡಿಲಿಕೆ ಉಂಟು. ಅಮೆರಿಕದಲ್ಲಿ ಮೂರು ವರ್ಷಗಳ ಲೆಕ್ಕ: ಈ ವರ್ಷದ ದಿನಗಳು ಪೂರ್ತಿ, ಕಳೆದ ವರ್ಷದ ಮೂರನೇ ಒಂದು ಭಾಗ, ಅದರ ಹಿಂದಿನ ವರ್ಷದ ಆರನೇ ಒಂದು ಭಾಗ. ಈ ಮೊತ್ತ 183 ಮುಟ್ಟಿ, ಈ ವರ್ಷ ಕನಿಷ್ಠ 31 ದಿನ ಅಲ್ಲಿದ್ದರೆ ನೀವು ನಿವಾಸಿ. ಬ್ರಿಟನ್ ದಿನಗಳ ಜೊತೆಗೆ ಮನೆ, ಕುಟುಂಬ, ಕೆಲಸದ ನಂಟುಗಳನ್ನೂ ನೋಡುತ್ತದೆ.

ಒಂದೇ ವರ್ಷ ಎರಡೂ ದೇಶಗಳು ನಿಮ್ಮನ್ನು ನಿವಾಸಿ ಎಂದರೆ? ಅವುಗಳ ನಡುವೆ ಒಪ್ಪಂದ ಇದ್ದರೆ ಅದರಲ್ಲೇ ಬಿಡಿಸುವ ದಾರಿ ಇರುತ್ತದೆ. ಮೊದಲು ಕಾಯಂ ಮನೆ ಎಲ್ಲಿದೆ ಎಂದು ನೋಡುತ್ತಾರೆ. ಎರಡೂ ಕಡೆ ಇದ್ದರೆ ಬದುಕಿನ ನಂಟು ಎಲ್ಲಿ ಗಟ್ಟಿಯಾಗಿದೆ ಎಂದು. ಅದೂ ತೀರ್ಮಾನವಾಗದಿದ್ದರೆ ರೂಢಿಯಾಗಿ ಇರುವುದೆಲ್ಲಿ, ಕೊನೆಗೆ ಪೌರತ್ವ ಯಾವುದು ಎಂದು.

ಕಂಪನಿ ನನ್ನನ್ನು ‘ಕಾಂಟ್ರಾಕ್ಟರ್’ ಅನ್ನುತ್ತದೆ. ತೆರಿಗೆಯಲ್ಲಿ ಅದರಿಂದ ಏನು ವ್ಯತ್ಯಾಸ?

ಬಹಳ ವ್ಯತ್ಯಾಸ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ.

ವಿದೇಶಿ ಕಂಪನಿ ನಿಮ್ಮನ್ನು ಮೂರು ರೀತಿಯಲ್ಲಿ ಇಟ್ಟುಕೊಳ್ಳಬಹುದು. ಒಂದು, ನೇರ ನೌಕರಿ. ಆಗ ಬರುವುದು ಸಂಬಳ. ಎರಡು, ನಿಮ್ಮ ದೇಶದಲ್ಲೇ ಇರುವ ಮಧ್ಯವರ್ತಿ ಸಂಸ್ಥೆಯ ಮೂಲಕ. ಇದನ್ನು ‘ಎಂಪ್ಲಾಯರ್ ಆಫ್ ರೆಕಾರ್ಡ್’ ಎನ್ನುತ್ತಾರೆ. ಕಾಗದದ ಮೇಲೆ ನೀವು ಆ ಸಂಸ್ಥೆಯ ನೌಕರರು. ಅದೇ ತೆರಿಗೆ ಕತ್ತರಿಸುತ್ತದೆ, ಪೇ ಸ್ಲಿಪ್ ಕೊಡುತ್ತದೆ, ಭವಿಷ್ಯ ನಿಧಿಯಂಥದ್ದನ್ನೂ ನೋಡಿಕೊಳ್ಳುತ್ತದೆ. ತೆರಿಗೆಯ ತಲೆನೋವು ಅತಿ ಕಡಿಮೆ ಇರುವುದು ಇದರಲ್ಲೇ. ಮೂರನೆಯದು ಕಾಂಟ್ರಾಕ್ಟರ್. ಆಗ ನಿಮ್ಮದು ಸಂಬಳ ಅಲ್ಲ, ವೃತ್ತಿಯ ಆದಾಯ. ಇನ್‌ವಾಯ್ಸ್ ನೀವೇ ಕಳಿಸಬೇಕು, ಖರ್ಚನ್ನು ನೀವೇ ತೋರಿಸಬೇಕು, ತೆರಿಗೆ ನೀವೇ ಕಟ್ಟಬೇಕು. ರಜೆ, ವಿಮೆ, ಗ್ರಾಚ್ಯುಟಿ ಯಾವುದೂ ತಾನಾಗಿ ಬರುವುದಿಲ್ಲ.

ಕಾಂಟ್ರಾಕ್ಟರ್ ಆದವರಿಗೆ ಅನುಕೂಲವೂ ಇದೆ. ಕೆಲಸಕ್ಕಾಗಿ ಮಾಡಿದ ಖರ್ಚನ್ನು ಆದಾಯದಿಂದ ಕಳೆಯಬಹುದು. ಭಾರತದಲ್ಲಿ ಎಂಜಿನಿಯರಿಂಗ್, ತಾಂತ್ರಿಕ ಸಲಹೆಯಂಥ ಕೆಲವು ಗೊತ್ತುಪಡಿಸಿದ ವೃತ್ತಿಗಳವರು ವರ್ಷದ ಒಟ್ಟು ಗಳಿಕೆ 50 ಲಕ್ಷ ರೂಪಾಯಿ ಮೀರದಿದ್ದರೆ ಅದರ ಅರ್ಧವನ್ನೇ ಲಾಭ ಎಂದು ತೋರಿಸಿ ತೆರಿಗೆ ಕಟ್ಟಬಹುದು. ನಗದು ರೂಪದ ಗಳಿಕೆ ಶೇ. 5 ದಾಟದಿದ್ದರೆ ಈ ಮಿತಿ 75 ಲಕ್ಷ. ಖರ್ಚಿನ ರಸೀದಿ ಒಂದೊಂದನ್ನೂ ತೋರಿಸಬೇಕಿಲ್ಲ.

ಈ ಸವಲತ್ತಿನ ಆಸೆಗೆ ನೌಕರರಾಗಿರುವವರೂ ತಮ್ಮನ್ನು ಕಾಂಟ್ರಾಕ್ಟರ್ ಎಂದು ತೋರಿಸಿಕೊಳ್ಳುತ್ತಾರೆ. ಇದು ತಪ್ಪು, ಅಪಾಯ ಕೂಡ. ಒಪ್ಪಂದದ ತಲೆಬರಹ ಏನೇ ಇರಲಿ, ತೆರಿಗೆ ಅಧಿಕಾರಿ ನೋಡುವುದು ನಿಜವಾದ ಸಂಬಂಧವನ್ನು. ಕೆಲಸದ ಹೊತ್ತು ಯಾರು ಗೊತ್ತು ಮಾಡುತ್ತಾರೆ? ರಜೆಗೆ ಯಾರ ಒಪ್ಪಿಗೆ ಬೇಕು? ಲ್ಯಾಪ್‌ಟಾಪ್ ಯಾರದ್ದು? ಬೇರೆ ಗಿರಾಕಿಗಳ ಕೆಲಸ ಹಿಡಿಯಬಹುದಾ? ನಿಮ್ಮ ಬದಲು ಬೇರೆಯವರಿಂದ ಕೆಲಸ ಮಾಡಿಸಬಹುದಾ? ಎಲ್ಲ ಉತ್ತರಗಳೂ ಕಂಪನಿಯ ಕಡೆಗೇ ವಾಲಿದರೆ ನೀವು ನೌಕರರೇ. ಆಫರ್ ಒಪ್ಪುವ ಮೊದಲೇ ಇದನ್ನು ಬಿಡಿಸಿ ಕೇಳಿ. ಸೇರಿದ ಮೇಲೆ ಬದಲಿಸುವುದು ಕಷ್ಟ.

ಕಂಪನಿ ತೆರಿಗೆ ಕತ್ತರಿಸುವುದಿಲ್ಲ. ನಾನು ಯಾವಾಗ ಕಟ್ಟಬೇಕು?

ವರ್ಷದ ಕೊನೆಯವರೆಗೆ ಕಾಯುವಂತಿಲ್ಲ. ಸಂಬಳದಿಂದ ತಿಂಗಳು ತಿಂಗಳು ಕಡಿತ ಆಗದಿದ್ದರೆ ಬಹುತೇಕ ಸರ್ಕಾರಗಳು ಕಂತಿನಲ್ಲಿ ಮುಂಗಡ ತೆರಿಗೆ ಕೇಳುತ್ತವೆ. ಭಾರತದಲ್ಲಿ ವರ್ಷದ ಅಂದಾಜು ತೆರಿಗೆ 10,000 ರೂಪಾಯಿ ಮುಟ್ಟಿದರೆ ಜೂನ್ 15ರ ಒಳಗೆ ಶೇ. 15, ಸೆಪ್ಟೆಂಬರ್ 15ಕ್ಕೆ ಒಟ್ಟು ಶೇ. 45, ಡಿಸೆಂಬರ್ 15ಕ್ಕೆ ಶೇ. 75, ಮಾರ್ಚ್ 15ಕ್ಕೆ ಪೂರ್ತಿ ಕಟ್ಟಿರಬೇಕು. ತಪ್ಪಿದರೆ ತಿಂಗಳಿಗೆ ಶೇ. 1ರಂತೆ ಬಡ್ಡಿ. ಅಮೆರಿಕದಲ್ಲಿ ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15 ಮತ್ತು ಮುಂದಿನ ಜನವರಿ 15. ಬ್ರಿಟನ್‌ನಲ್ಲಿ ಜನವರಿ 31 ಮತ್ತು ಜುಲೈ 31.

ನನ್ನ ಸಲಹೆ ಒಂದೇ. ತೆರಿಗೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಸಂಬಳ ಬಂದ ದಿನವೇ ತೆರಿಗೆಯ ಪಾಲನ್ನು ಅಲ್ಲಿಗೆ ಹಾಕಿ. ಎಷ್ಟು ಅಂತ ಕೇಳಿದರೆ, ವರ್ಷದ ಪೂರ್ತಿ ಆದಾಯಕ್ಕೆ ನಿಮ್ಮ ದೇಶದ ದರದಲ್ಲಿ ಎಷ್ಟು ತೆರಿಗೆ ಆಗುತ್ತದೆ ಎಂದು ಲೆಕ್ಕ ಹಾಕಿ 12ರಿಂದ ಭಾಗಿಸಿ, ಮೇಲೆ ಸ್ವಲ್ಪ ಜಾಸ್ತಿಯೇ ಸೇರಿಸಿ. ಕರೆನ್ಸಿ ದರ ಏರಿದರೆ ನಿಮ್ಮ ಆದಾಯವೂ ಏರುತ್ತದೆ, ತೆರಿಗೆಯೂ ಏರುತ್ತದೆ. ಮನೆಖರ್ಚಿನ ಖಾತೆಯಲ್ಲೇ ಈ ಹಣ ಇದ್ದರೆ ಕಂತಿನ ದಿನ ಬರುವಷ್ಟರಲ್ಲಿ ಅದು ಉಳಿದಿರುವುದಿಲ್ಲ.

ಅಮೆರಿಕದ ಕಂಪನಿ ‘ಡಬ್ಲ್ಯು-8 ಬೆನ್’ ಫಾರಂ ತುಂಬಿ ಅಂದಿದೆ. ತುಂಬಬಹುದಾ?

ನೀವು ಅಮೆರಿಕದ ಪ್ರಜೆಯಾಗಲಿ ತೆರಿಗೆ ನಿವಾಸಿಯಾಗಲಿ ಅಲ್ಲದಿದ್ದರೆ, ಕಾಂಟ್ರಾಕ್ಟರ್ ಆಗಿದ್ದರೆ, ತುಂಬಿ. ‘ನಾನು ಅಮೆರಿಕದವನಲ್ಲ’ ಎಂದು ಹೇಳುವ ಕಾಗದ ಅದು. ಕಂಪನಿ ಅದನ್ನು ತನ್ನ ಬಳಿ ಇಟ್ಟುಕೊಳ್ಳುತ್ತದೆ. ಸಹಿ ಮಾಡಿದ ವರ್ಷ ಮುಗಿದು, ಆಮೇಲಿನ ಮೂರು ಕ್ಯಾಲೆಂಡರ್ ವರ್ಷಗಳ ಕೊನೆಯವರೆಗೆ ಸಾಮಾನ್ಯವಾಗಿ ಅದು ನಡೆಯುತ್ತದೆ. ಅಮೆರಿಕದ ಹೊರಗೆ ಕೂತು ಮಾಡಿದ ಕೆಲಸದ ಹಣ ಅಲ್ಲಿನ ಕಾನೂನಿನ ಪ್ರಕಾರ ಅಮೆರಿಕ ಮೂಲದ ಆದಾಯ ಅಲ್ಲ. ಹಾಗಾಗಿ ಅಲ್ಲಿ ತೆರಿಗೆಯೆಂದು ಶೇ. 30 ಕತ್ತರಿಸುವ ಕಾರಣವೂ ಇಲ್ಲ.

ಡಬ್ಲ್ಯು-9 ಎಂಬ ಫಾರಂ ಕಳಿಸಿದರೆ ಮಾತ್ರ ಸಹಿ ಹಾಕಬೇಡಿ. ಅದು ಅಮೆರಿಕದವರಿಗೆ. ಎಷ್ಟೋ ಕಂಪನಿಗಳ ಲೆಕ್ಕಪತ್ರದವರು ರೂಢಿಯಲ್ಲಿ ಎಲ್ಲರಿಗೂ ಅದನ್ನೇ ಕಳಿಸುತ್ತಾರೆ. ನಾನು ಹೊರದೇಶದಲ್ಲಿದ್ದೇನೆ, ಡಬ್ಲ್ಯು-8 ಬೆನ್ ಕಳಿಸಿ ಎಂದು ಒಂದು ಸಾಲು ಬರೆದರೆ ಸಾಕು.

ಕಂಪನಿಯ ದೇಶದಲ್ಲೇ ತೆರಿಗೆ ಕತ್ತರಿಸಿಬಿಟ್ಟಿದ್ದಾರೆ. ಇಲ್ಲೂ ಕಟ್ಟಬೇಕಾ?

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಅವರು ಕತ್ತರಿಸಿದ್ದು ಸರಿಯೇ? ಆ ದೇಶಕ್ಕೆ ನಿಜವಾಗಿಯೂ ಹಕ್ಕಿದ್ದು ಕತ್ತರಿಸಿದ್ದರೆ, ಆ ಮೊತ್ತವನ್ನು ನಿಮ್ಮ ದೇಶದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಇದನ್ನು ವಿದೇಶಿ ತೆರಿಗೆ ಕ್ರೆಡಿಟ್ ಎನ್ನುತ್ತಾರೆ. ಪೂರ್ತಿ ಸಿಗುತ್ತದೆ ಎಂದುಕೊಳ್ಳಬೇಡಿ. ಒಂದೇ ಆದಾಯಕ್ಕೆ ಅಲ್ಲಿ 20 ಕಟ್ಟಿದ್ದೀರಿ, ಇಲ್ಲಿ ಆಗುವುದು 15 ಎಂದರೆ ಸಿಗುವ ಕ್ರೆಡಿಟ್ 15. ಉಳಿದ 5 ಇಲ್ಲಿ ವಾಪಸ್ ಬರುವುದಿಲ್ಲ. ಇಲ್ಲಿ 25 ಆಗುವುದಾದರೆ 20 ಕಳೆದು ಇನ್ನು 5 ಕಟ್ಟಬೇಕು. ಕೆಲವು ಒಪ್ಪಂದಗಳಲ್ಲಿ ಕ್ರೆಡಿಟ್ ಬದಲು ಆ ಆದಾಯಕ್ಕೆ ವಿನಾಯಿತಿಯೇ ಇರುತ್ತದೆ.

ಹಕ್ಕಿಲ್ಲದೆ ಕತ್ತರಿಸಿದ್ದರೆ ವಿಷಯ ಬೇರೆ. ‘ಅವರು ಕತ್ತರಿಸಬಾರದಿತ್ತು, ನಾವ್ಯಾಕೆ ಕ್ರೆಡಿಟ್ ಕೊಡಬೇಕು’ ಎಂದು ನಿಮ್ಮ ದೇಶದ ಇಲಾಖೆ ಹೇಳಬಹುದು, ಅದು ನ್ಯಾಯವೂ ಹೌದು. ಆಗ ನೀವು ಆ ದೇಶದಲ್ಲಿ ರಿಟರ್ನ್ ಸಲ್ಲಿಸಿ ರೀಫಂಡ್ ಕೇಳಬೇಕು. ಬಹಳ ಅಲೆದಾಟದ ಕೆಲಸ. ಇದನ್ನು ತಪ್ಪಿಸಲು ಮೊದಲ ಸಂಬಳಕ್ಕೆ ಮುಂಚೆಯೇ ನಿಮ್ಮ ದೇಶದ ತೆರಿಗೆ ಇಲಾಖೆಯಿಂದ ‘ತೆರಿಗೆ ನಿವಾಸಿ ಪ್ರಮಾಣಪತ್ರ’ ಪಡೆದು ಕಂಪನಿಗೆ ಕಳಿಸಿ.

ಕ್ರೆಡಿಟ್ ಕೇಳಲು ಕತ್ತರಿಸಿದ್ದಕ್ಕೆ ಪುರಾವೆ ಬೇಕು. ಪೇ ಸ್ಲಿಪ್, ಕಡಿತದ ಪ್ರಮಾಣಪತ್ರ, ಅಲ್ಲಿನ ರಿಟರ್ನ್ ಪ್ರತಿ ಎಲ್ಲವನ್ನೂ ಜೋಪಾನ ಮಾಡಿ. ಕೆಲಸ ಬಿಟ್ಟ ಮೇಲೆ ಕಂಪನಿಯ ಪೋರ್ಟಲ್‌ಗೆ ಒಳಹೋಗಲು ಆಗುವುದಿಲ್ಲ. ಅದಕ್ಕೇ ಪ್ರತಿ ತಿಂಗಳೂ ಇಳಿಸಿಟ್ಟುಕೊಳ್ಳಿ.

ಹಣವನ್ನು ವಿದೇಶಿ ಖಾತೆಯಲ್ಲೋ ಆನ್‌ಲೈನ್ ವ್ಯಾಲೆಟ್‌ನಲ್ಲೋ ಬಿಟ್ಟರೆ ತೆರಿಗೆ ಇಲ್ಲ, ಅಲ್ವಾ?

ಸಾಮಾನ್ಯವಾಗಿ ಹಾಗಲ್ಲ. ಬಹುತೇಕ ದೇಶಗಳಲ್ಲಿ ನಿವಾಸಿಗೆ ಲೋಕದ ಎಲ್ಲ ಕಡೆಯ ಆದಾಯಕ್ಕೂ ತೆರಿಗೆ. ನಿಮ್ಮ ಕೈಗೆ ಸಿಗುವ ಹಾಗಿರುವ ಹಣ ನಿಮ್ಮ ಆದಾಯವೇ. ಪೇಯೋನೀರ್‌ನಲ್ಲಿರಲಿ, ವೈಸ್‌ನಲ್ಲಿರಲಿ, ಹೊರಗಿನ ಬ್ಯಾಂಕಿನಲ್ಲಿರಲಿ, ಲೆಕ್ಕ ಒಂದೇ. ಕ್ರಿಪ್ಟೋದಲ್ಲಿ ಸಂಬಳ ಕೊಟ್ಟರೂ ಅಷ್ಟೇ. ಸಿಕ್ಕ ದಿನದ ಬೆಲೆಗೆ ಅದು ಆದಾಯ. ಮಾರುವಾಗ ಆಗುವ ಲಾಭ ನಷ್ಟದ್ದು ಬೇರೆ ಲೆಕ್ಕ.

ಯಾರಿಗೂ ಗೊತ್ತಾಗುವುದಿಲ್ಲ ಎಂಬ ಕಾಲವೂ ಹೋಯಿತು. ನೂರಕ್ಕೂ ಹೆಚ್ಚು ದೇಶ ಮತ್ತು ಪ್ರಾಂತ್ಯಗಳು ಖಾತೆಗಳ ಮಾಹಿತಿಯನ್ನು ತಾವಾಗಿಯೇ ಹಂಚಿಕೊಳ್ಳುವ ಒಪ್ಪಂದದಲ್ಲಿವೆ. ಇದು 2017ರಲ್ಲಿ ಶುರುವಾಯಿತು.

ಡಾಲರ್‌ನಲ್ಲೋ ಯೂರೋದಲ್ಲೋ ಬಂದ ಸಂಬಳವನ್ನು ಯಾವ ದರದಲ್ಲಿ ಪರಿವರ್ತಿಸಬೇಕು?

ನಿಮ್ಮ ಬ್ಯಾಂಕು ಕೊಟ್ಟ ದರದಲ್ಲೇ ಆಗಬೇಕೆಂದಿಲ್ಲ. ಯಾವ ದರ ಎಂದು ಪ್ರತಿ ದೇಶದ ಕಾನೂನು ಹೇಳಿರುತ್ತದೆ. ಭಾರತದಲ್ಲಿ ಸಂಬಳವಾದರೆ, ಅದು ಸಲ್ಲಬೇಕಾದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನದ ಸ್ಟೇಟ್ ಬ್ಯಾಂಕ್ ಟಿಟಿ ಖರೀದಿ ದರ, ಅಂದರೆ ಹೊರಗಿನಿಂದ ಬಂದ ವಿದೇಶಿ ಹಣವನ್ನು ಆ ಬ್ಯಾಂಕು ಕೊಳ್ಳುವ ದರ. ಅಮೆರಿಕದಲ್ಲಿ ವರ್ಷವಿಡೀ ಸಮನಾಗಿ ಬರುವ ಆದಾಯಕ್ಕೆ ವರ್ಷದ ಸರಾಸರಿ ದರ ನಡೆಯುತ್ತದೆ. ಒಂದು ಹಾಳೆಯಲ್ಲಿ ದಿನಾಂಕ, ವಿದೇಶಿ ಮೊತ್ತ, ಕಾನೂನಿನ ದರ, ಬ್ಯಾಂಕಿಗೆ ಬಂದ ಮೊತ್ತ ಬರೆದಿಡಿ. ಎರಡು ಮೊತ್ತಗಳ ನಡುವೆ ವ್ಯತ್ಯಾಸ ಯಾಕೆ ಎಂದು ಮುಂದೆ ಯಾರಾದರೂ ಕೇಳಿದರೆ ಆ ಹಾಳೆಯೇ ಉತ್ತರ.

ಕಂಪನಿ ಷೇರು ಕೊಟ್ಟಿದೆ. ಮಾರಿಲ್ಲ. ತೆರಿಗೆ ಬರುತ್ತದಾ?

ಆರ್‌ಎಸ್‌ಯು (ಇಂತಿಷ್ಟು ಕಾಲ ದುಡಿದ ಮೇಲೆ ಕೊಡುತ್ತೇವೆ ಎಂದು ಕಂಪನಿ ಮಾತು ಕೊಟ್ಟ ಷೇರು) ರೀತಿಯ ಷೇರುಗಳು ನಿಮ್ಮ ಹೆಸರಿಗೆ ಬಂದ ದಿನ, ಅಂದರೆ ವೆಸ್ಟ್ ಆದ ದಿನ, ಆ ದಿನದ ಬೆಲೆಗೆ ಸಂಬಳದ ಆದಾಯವಾಗುತ್ತವೆ. ಹಲವು ದೇಶಗಳಲ್ಲಿ ಇದೇ ಕ್ರಮ. ಮಾರದಿದ್ದರೂ ತೆರಿಗೆ ಬರುತ್ತದೆ, ಆದರೆ ಕಟ್ಟಲು ಕೈಯಲ್ಲಿ ಹಣ ಬಂದಿರುವುದಿಲ್ಲ. ಅದಕ್ಕೇ ಕೆಲವು ಷೇರುಗಳನ್ನು ಅಂದೇ ಮಾರಿ ತೆರಿಗೆಗೆ ಇಟ್ಟುಕೊಳ್ಳುವುದು ಜಾಣತನ. ಆಮೇಲೆ ಮಾರಿದಾಗ ವೆಸ್ಟ್ ದಿನದ ಬೆಲೆಗಿಂತ ಎಷ್ಟು ಜಾಸ್ತಿ ಬಂತೋ ಅಷ್ಟಕ್ಕೆ ಬಂಡವಾಳ ಲಾಭದ ತೆರಿಗೆ.

ಇನ್ನೊಂದು ಮುಖ್ಯ ವಿಷಯ ಘೋಷಣೆ. ತೆರಿಗೆ ಕಟ್ಟಿದರಷ್ಟೇ ಸಾಲದು, ವಿದೇಶದಲ್ಲಿರುವ ಷೇರು ಮತ್ತು ಖಾತೆಗಳನ್ನು ರಿಟರ್ನ್‌ನಲ್ಲಿ ತೋರಿಸಬೇಕು. ಭಾರತದಲ್ಲಿ ಸಾಮಾನ್ಯ ನಿವಾಸಿಗಳು ಇದನ್ನು ‘ಶೆಡ್ಯೂಲ್ ಎಫ್‌ಎ’ಯಲ್ಲಿ ತುಂಬಬೇಕು. ಬಿಟ್ಟರೆ ಕಪ್ಪುಹಣ ಕಾನೂನಿನಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಸಣ್ಣ ಮೊತ್ತದ ಆಸ್ತಿಗೆ ಈ ದಂಡದಿಂದ ವಿನಾಯಿತಿ ಇದ್ದರೂ, ತೋರಿಸುವ ಕೆಲಸ ತಪ್ಪುವುದಿಲ್ಲ. ಅಮೆರಿಕದವರು ತಮ್ಮ ಎಲ್ಲ ವಿದೇಶಿ ಖಾತೆಗಳ ಮೊತ್ತ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ಎಂಬ ವರದಿ ಕೊಡಬೇಕು. ಒಂದೇ ಒಂದು ಷೇರು ಇದ್ದರೂ ನಿಮ್ಮ ಆಡಿಟರ್‌ಗೆ ಹೇಳಿ. ಅವರು ಕೇಳಲಿಲ್ಲ ಎಂಬುದು ಕಾರಣ ಆಗುವುದಿಲ್ಲ.

ಸ್ವಲ್ಪ ದಿನ ಬೇರೆ ದೇಶಕ್ಕೆ ಹೋಗಿ ಅಲ್ಲಿಂದಲೇ ಕೆಲಸ ಮಾಡಿದರೆ?

ಆ ದಿನಗಳ ಸಂಬಳದ ಮೇಲೆ ಆ ದೇಶಕ್ಕೆ ಹಕ್ಕು ಹುಟ್ಟಬಹುದು. ದೇಶಗಳ ನಡುವಿನ ತೆರಿಗೆ ಒಪ್ಪಂದಗಳಲ್ಲಿ ಇದಕ್ಕೆ ರಕ್ಷಣೆ ಇದೆ. 12 ತಿಂಗಳ ಅವಧಿಯಲ್ಲಿ 183 ದಿನ ಮೀರಬಾರದು, ಸಂಬಳ ಕೊಡುವ ಕಂಪನಿ ಆ ದೇಶದ್ದಾಗಿರಬಾರದು, ಆ ದೇಶದಲ್ಲಿರುವ ಶಾಖೆಯ ಲೆಕ್ಕದಿಂದ ನಿಮ್ಮ ಸಂಬಳ ಹೋಗಬಾರದು. ಮೂರೂ ಒಟ್ಟಿಗೆ ಇರಬೇಕು. ಹಲವರು 183ನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ನೀವು ಹೋದದ್ದು ಕಂಪನಿಯ ಸ್ವಂತ ದೇಶಕ್ಕೇ ಆದರೆ ಎರಡನೇ ಷರತ್ತೇ ಮುರಿಯಿತು, ಮೊದಲ ದಿನದಿಂದಲೇ ಪ್ರಶ್ನೆ ಏಳುತ್ತದೆ.

ವೀಸಾ ಬೇರೆ, ತೆರಿಗೆ ಬೇರೆ. ಹೊರಗಿನ ಕಂಪನಿಗೆ ಆನ್‌ಲೈನ್‌ನಲ್ಲಿ ದುಡಿಯುತ್ತಾ ಅಲ್ಲಿರಲು ಕೊಡುವ ‘ಡಿಜಿಟಲ್ ನೋಮಾಡ್’ ವೀಸಾ ಸಿಕ್ಕಿತೆಂದ ಮಾತ್ರಕ್ಕೆ ತೆರಿಗೆ ಮಾಫಿ ಆಗುವುದಿಲ್ಲ. ಯಾವ ದಿನ ಎಲ್ಲಿದ್ದಿರಿ, ಅಂದು ಕೆಲಸ ಮಾಡಿದಿರಾ ಇಲ್ಲವಾ ಎಂದು ಕ್ಯಾಲೆಂಡರ್‌ನಲ್ಲಿ ಗುರುತು ಮಾಡುತ್ತಾ ಹೋಗಿ. ಬೋರ್ಡಿಂಗ್ ಪಾಸ್‌ಗಳನ್ನೂ ಇಟ್ಟುಕೊಳ್ಳಿ.

ನನ್ನ ಮನೆಯಿಂದ ಕಂಪನಿಗೇ ತೆರಿಗೆ ತೊಂದರೆ ಆಗಬಹುದಂತೆ. ಹೌದಾ?

ಆಗಬಹುದು. ಒಂದು ದೇಶದಲ್ಲಿ ಕಂಪನಿಗೆ ‘ಸ್ಥಿರ ನೆಲೆ’ ಇದೆ ಎಂದಾದರೆ, ಆ ನೆಲೆಯಿಂದ ಬಂದ ಲಾಭಕ್ಕೆ ಅಲ್ಲಿ ತೆರಿಗೆ. ನೌಕರನ ಮನೆಯೂ ಸ್ಥಿರ ನೆಲೆ ಆಗುತ್ತದಾ ಎಂಬ ವಾದ ಹಳೆಯದು. 2025ರ ನವೆಂಬರ್‌ನಲ್ಲಿ ಒಇಸಿಡಿ ತನ್ನ ಮಾದರಿ ಒಪ್ಪಂದದ ವಿವರಣೆಯಲ್ಲಿ ಇದಕ್ಕೊಂದು ಅಳತೆ ಕೊಟ್ಟಿತು. 12 ತಿಂಗಳಲ್ಲಿ ಕೆಲಸದ ಹೊತ್ತಿನ ಅರ್ಧಕ್ಕಿಂತ ಕಡಿಮೆ ಆ ಮನೆಯಿಂದ ನಡೆದರೆ ಸಾಮಾನ್ಯವಾಗಿ ಅದು ಕಂಪನಿಯ ನೆಲೆ ಅಲ್ಲ. ಅದಕ್ಕಿಂತ ಜಾಸ್ತಿಯಾದರೆ, ನೌಕರ ಆ ದೇಶದಲ್ಲೇ ಇರುವುದಕ್ಕೆ ವ್ಯವಹಾರದ ಕಾರಣ ಇದೆಯಾ ಎಂದು ನೋಡಬೇಕು. ಅಲ್ಲಿನ ಗ್ರಾಹಕರನ್ನು ಭೇಟಿಯಾಗುವುದು ಅಂಥ ಕಾರಣ. ನೌಕರನ ಅನುಕೂಲಕ್ಕಾಗಿ ಮಾತ್ರ ಬಿಟ್ಟಿದ್ದರೆ ಅದು ಕಾರಣ ಅಲ್ಲ.

ಕಂಪನಿಯ ಪರವಾಗಿ ಒಪ್ಪಂದಗಳನ್ನು ಪದೇ ಪದೇ ಕುದುರಿಸುವ ಮಾರಾಟದವರಿಗೆ ಈ ಅಪಾಯ ಜಾಸ್ತಿ. ‘ಆ ದೇಶದಿಂದ ಕೆಲಸ ಬೇಡ’ ಎಂದು ಕಂಪನಿ ಹೇಳಿದರೆ ಹಟ ಎಂದುಕೊಳ್ಳಬೇಡಿ, ಇದೇ ಹೆದರಿಕೆ ಇರಬಹುದು. ಹೇಳದೆ ಊರು ಬದಲಿಸುವುದು ಮಾತ್ರ ಬೇಡವೇ ಬೇಡ.

ಮನೆಯ ಬಾಡಿಗೆ, ಇಂಟರ್ನೆಟ್, ಕುರ್ಚಿಯ ಖರ್ಚನ್ನು ಕಳೆಯಬಹುದಾ?

ಕಾಂಟ್ರಾಕ್ಟರ್ ಆದರೆ ಕೆಲಸಕ್ಕೆ ಬಳಸಿದಷ್ಟು ಪಾಲನ್ನು ಕಳೆಯಬಹುದು. ನೌಕರರಿಗೆ ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯಲ್ಲಿ ಮನೆಯಿಂದ ಕೆಲಸ ಮಾಡಿದ ದಿನಕ್ಕೆ 6 ಯೂರೋದಂತೆ ವರ್ಷಕ್ಕೆ 1,260 ಯೂರೋವರೆಗೆ ಕಳೆಯಬಹುದು. ಅಮೆರಿಕದ ಕೇಂದ್ರ ತೆರಿಗೆಯಲ್ಲಿ 2018ರಿಂದ ನೌಕರರಿಗೆ ಈ ಕಡಿತ ಇಲ್ಲ. ಕಂಪನಿಯೇ ಖರ್ಚು ಕೊಡುವುದಾದರೆ ಬಿಲ್ಲು ಕೊಟ್ಟು ಮರುಪಾವತಿಯಾಗಿ ಪಡೆಯಿರಿ. ಭತ್ಯೆ ಎಂದು ಸಂಬಳದಲ್ಲಿ ಸೇರಿಸಿದರೆ ಅದಕ್ಕೂ ತೆರಿಗೆ ಬೀಳುವ ಸಾಧ್ಯತೆ ಜಾಸ್ತಿ.

ಪಿಂಚಣಿ, ಸಾಮಾಜಿಕ ಭದ್ರತೆಯ ವಂತಿಗೆ ಎಲ್ಲಿ?

ಇಲ್ಲೂ ಸಾಮಾನ್ಯ ನಿಯಮ, ಕೆಲಸ ನಡೆಯುವ ದೇಶದಲ್ಲಿ. ಆದರೆ ಇದರ ಒಪ್ಪಂದಗಳು ಆದಾಯ ತೆರಿಗೆಯ ಒಪ್ಪಂದಗಳಿಗಿಂತ ಬೇರೆ. ಒಂದಿದ್ದರೆ ಇನ್ನೊಂದು ಇರಲೇಬೇಕೆಂದಿಲ್ಲ. ಯುರೋಪಿನ ಹಲವು ದೇಶಗಳ ನಡುವೆ 2023ರ ಜುಲೈ 1ರಿಂದ ಒಂದು ಅನುಕೂಲ ಇದೆ. ಅರ್ಧಕ್ಕಿಂತ ಕಡಿಮೆ ಕೆಲಸವನ್ನು ಪಕ್ಕದ ದೇಶದ ಮನೆಯಿಂದ ಮಾಡಿದರೆ, ಅರ್ಜಿ ಹಾಕಿ ಕಂಪನಿಯ ದೇಶದಲ್ಲೇ ವಂತಿಗೆ ಮುಂದುವರಿಸಬಹುದು. ಸ್ವಂತ ಉದ್ಯೋಗಿಗಳು ವಂತಿಗೆ ಕಟ್ಟುವುದನ್ನೇ ಬಹಳ ಸಲ ಮರೆಯುತ್ತಾರೆ. ಅಮೆರಿಕದಲ್ಲಿ ಅವರಿಗೆ ಆದಾಯ ತೆರಿಗೆಯ ಜೊತೆಗೆ ಸ್ವಉದ್ಯೋಗ ತೆರಿಗೆಯೇ ಶೇ. 15.3.

ಕಾಂಟ್ರಾಕ್ಟರ್ ಆಗಿದ್ದೇನೆ. ಜಿಎಸ್‌ಟಿ, ವ್ಯಾಟ್ ಕೂಡ ಬರುತ್ತದಾ?

ಹೊರದೇಶದ ಗಿರಾಕಿಗೆ ಕೊಟ್ಟ ಸೇವೆ ಬಹಳ ಕಡೆ ರಫ್ತು ಎನಿಸಿಕೊಳ್ಳುತ್ತದೆ, ದರ ಸೊನ್ನೆ. ದರ ಸೊನ್ನೆ ಎಂದರೆ ನೋಂದಣಿ ಬೇಡ ಎಂದಲ್ಲ. ಭಾರತದಲ್ಲಿ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಮಾಡಿಸಬೇಕು, ಕೆಲವು ರಾಜ್ಯಗಳಲ್ಲಿ ಮಿತಿ 10 ಲಕ್ಷ. ತೆರಿಗೆ ಕಟ್ಟದೆ ರಫ್ತು ಮಾಡಲು ಎಲ್‌ಯುಟಿ ಎಂಬ ಮುಚ್ಚಳಿಕೆಯನ್ನು ಪ್ರತಿ ವರ್ಷ ಸಲ್ಲಿಸಬೇಕು.

ಹಿಂದಿನ ವರ್ಷಗಳಲ್ಲಿ ಈ ಆದಾಯ ತೋರಿಸಿಲ್ಲ. ಈಗ ಏನು ಮಾಡಲಿ?

ನೋಟಿಸ್ ಬರುವ ಮೊದಲು ನೀವೇ ಹೋಗಿ ಹೇಳಿ. ತಾವಾಗಿ ಬಂದವರಿಗೂ ಸಿಕ್ಕಿಬಿದ್ದವರಿಗೂ ದಂಡದಲ್ಲಿ ದೊಡ್ಡ ಅಂತರ ಇರುತ್ತದೆ. ಭಾರತದಲ್ಲಿ ಹೆಚ್ಚುವರಿ ತೆರಿಗೆ ಕಟ್ಟಿ ಹಳೆಯ ರಿಟರ್ನ್ ಸರಿಪಡಿಸಲು ‘ಅಪ್‌ಡೇಟೆಡ್ ರಿಟರ್ನ್’ ಎಂಬ ದಾರಿ ಇದೆ. 2025ರಲ್ಲಿ ಅದರ ಅವಧಿಯನ್ನು 24ರಿಂದ 48 ತಿಂಗಳಿಗೆ ಹೆಚ್ಚಿಸಿದರು. ತಡವಾದಷ್ಟೂ ಹೆಚ್ಚುವರಿ ತೆರಿಗೆ ಏರುತ್ತದೆ. ಹೊರದೇಶದಲ್ಲಿರುವ ಅಮೆರಿಕದವರಿಗೆ, ಬೇಕೆಂದೇ ಮುಚ್ಚಿಟ್ಟದ್ದಲ್ಲ ಎಂದಾದರೆ, ಹಿಂದಿನ ಮೂರು ವರ್ಷಗಳ ರಿಟರ್ನ್ ಮತ್ತು ಆರು ವರ್ಷಗಳ ಖಾತೆ ವರದಿ ಕೊಟ್ಟು ಸರಿಪಡಿಸಿಕೊಳ್ಳುವ ಯೋಜನೆ ಇದೆ.

ಆಡಿಟರ್ ಬಳಿ ಹೋಗುವಾಗ ಒಪ್ಪಂದ, ಎಲ್ಲ ವರ್ಷಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಹಣ ಬಂದದ್ದಕ್ಕೆ ಬ್ಯಾಂಕು ಕೊಟ್ಟ ಚೀಟಿಗಳು, ಪಾಸ್‌ಪೋರ್ಟಿನ ಮೊಹರುಗಳ ಪ್ರತಿ ತೆಗೆದುಕೊಂಡು ಹೋಗಿ. ವಿದೇಶಿ ಆದಾಯದ ರಿಟರ್ನ್‌ಗಳನ್ನು ಅವರು ಹಿಂದೆ ಮಾಡಿದ್ದಾರಾ ಎಂದು ಮೊದಲೇ ಕೇಳಿ. ಎಲ್ಲ ಆಡಿಟರ್‌ಗಳಿಗೂ ಈ ಕೆಲಸದ ರೂಢಿ ಇರುವುದಿಲ್ಲ, ಕೇಳಲು ಸಂಕೋಚ ಬೇಡ.